ಹವ್ಯಾಸಕ್ಕೆ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ: ಯಾವುದನ್ನು ಆಯಬೇಕು, ಒಬ್ಬರೇ ಹೇಗೆ ಕಲಿಯಬೇಕು?

ಪ್ರಶ್ನೆ: ನಾನು ಶಿಡ್ಲಘಟ್ಟದವನು, ವಯಸ್ಸು 46. ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಡಿಪ್ಲೊಮಾ ಓದುವಾಗ ಸಿ ಕಲಿತಿದ್ದೆ. ಮೂರು ವರ್ಷದ ಹಿಂದೆ ಪೈಥಾನ್ ಕಲಿತು, ನಾವು ಕೊಳ್ಳುವ ಗೂಡಿನ ಲಾಟುಗಳ ತೂಕ, ದರ ಮತ್ತು ಅವುಗಳಿಂದ ಬಂದ ನೂಲಿನ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಈಗ ಕೇವಲ ಆಸಕ್ತಿಗಾಗಿ ಇನ್ನೊಂದು ಭಾಷೆ ಕಲಿಯುವ ಆಸೆ. ಗೋ, ರಸ್ಟ್, ಹ್ಯಾಸ್ಕೆಲ್, ರ‍್ಯಾಕೆಟ್ ಎಂಬ ಹೆಸರುಗಳನ್ನು ಕೇಳಿದ್ದೇನೆ. ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತದೆ. ಇರುವುದು 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್, ಇಂಟರ್ನೆಟ್ ಮೊಬೈಲಿನಿಂದ. ಹೇಳಿಕೊಡುವವರು ಯಾರೂ ಇಲ್ಲ. ಎಐ ಇರುವಾಗ ಇದೆಲ್ಲ ಏಕೆ ಎಂದು ಮಗಳು ಕೇಳುತ್ತಾಳೆ. ಯಾವ ಭಾಷೆಯನ್ನು ಆಯಲಿ, ಹೇಗೆ ಕಲಿಯಲಿ?

ಉತ್ತರ: ಭಾಷೆಯ ವಿಚಾರಕ್ಕೆ ಬರುವ ಮೊದಲು, ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಒಂದು ಆಸ್ತಿಯ ಬಗ್ಗೆ ಹೇಳಬೇಕು. ಸ್ವಂತವಾಗಿ ಭಾಷೆ ಕಲಿಯಲು ಹೊರಟವರಲ್ಲಿ ಅನೇಕರು ನಡುವೆಯೇ ನಿಲ್ಲಿಸುವುದನ್ನು ಕೋಲಾರದಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳಿದ ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿದ್ದೇನೆ. ಅವರಲ್ಲಿ ಭಾಷೆ ಕಷ್ಟವೆಂದು ಬಿಟ್ಟವರಿಗಿಂತ, ಆ ಭಾಷೆಯಲ್ಲಿ ಏನು ಬರೆಯಬೇಕೆಂದು ತೋಚದೆ ಬಿಟ್ಟವರೇ ಹೆಚ್ಚು. ಪಾಠದ ಉದಾಹರಣೆಗಳು ಮುಗಿದೊಡನೆ ಅವರ ಮುಂದೆ ಬರಿಯ ಪರದೆ ಉಳಿಯುತ್ತದೆ. ನಿಮಗೆ ಆ ತೊಂದರೆಯಿಲ್ಲ. ಗೂಡಿನ ಲೆಕ್ಕ ನಿಮಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಉತ್ತರ ಎಷ್ಟರ ಆಸುಪಾಸಿನಲ್ಲಿ ಬರಬೇಕೆಂದು ಬಲ್ಲಿರಿ, ತಪ್ಪಿದರೆ ನೋಡಿದೊಡನೆ ತಿಳಿಯುತ್ತದೆ. ಆದ್ದರಿಂದ ಹೊಸ ಭಾಷೆಗೆಂದು ಹೊಸ ಲೆಕ್ಕವನ್ನು ಹುಡುಕಬೇಡಿ. ಭಾಷೆ ಮತ್ತು ಲೆಕ್ಕ ಎರಡೂ ಹೊಸದಾದರೆ, ಎಡವಿದಾಗ ಯಾವುದರಲ್ಲಿ ಎಡವಿದೆವೆಂದು ತಿಳಿಯುವುದಿಲ್ಲ.

ಆ ಲೆಕ್ಕದಿಂದಲೇ ಭಾಷೆಗಳ ಗುಣವನ್ನೂ ಅಳೆಯಬಹುದು. 131 ಕಿಲೋ ಗೂಡಿನಿಂದ 18 ಕಿಲೋ ನೂಲು ಬಂತೆಂದುಕೊಳ್ಳಿ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು, ಅಂದರೆ ರೆಂಡಿಟ್ಟ ಎಷ್ಟು? ಎರಡೂ ಸಂಖ್ಯೆಗಳನ್ನು ಪೂರ್ಣಾಂಕವಾಗಿ ಇಟ್ಟು ಭಾಗಿಸಿದರೆ ಸಿ ಭಾಷೆ 7 ಎನ್ನುತ್ತದೆ, ಉಳಿದ ಭಾಗವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಗೋ ಮತ್ತು ರಸ್ಟ್ ಕೂಡ 7 ಎಂದೇ ಹೇಳುತ್ತವೆ. ಇಂದಿನ ಪೈಥಾನ್ 7.2777 ಎಂದು ಮುಂದುವರಿಯುವ ದಶಾಂಶವನ್ನು ಕೊಡುತ್ತದೆ. ಹ್ಯಾಸ್ಕೆಲ್‌ನಲ್ಲಿ ಎರಡು ಮೌಲ್ಯಗಳನ್ನೂ ಪೂರ್ಣಾಂಕವೆಂದು ಘೋಷಿಸಿ ಸಾಮಾನ್ಯ ಭಾಗಾಕಾರದ ಚಿಹ್ನೆಯನ್ನು ಬಳಸಿದರೆ, ಪ್ರೋಗ್ರಾಂ ಓಡುವ ಮೊದಲೇ ಅದು ತಡೆದು, ಈ ಬಗೆಯ ಮೌಲ್ಯಗಳಿಗೆ ಈ ಕ್ರಿಯೆ ಹೊಂದುವುದಿಲ್ಲವೆಂದು ತಿಳಿಸುತ್ತದೆ. ರ‍್ಯಾಕೆಟ್ 131/18 ಎಂಬ ಭಿನ್ನರಾಶಿಯನ್ನೇ ಕೊಡುತ್ತದೆ, ಒಂದಿಷ್ಟೂ ಸವೆಯದ ಪೂರ್ಣ ನಿಖರ ಉತ್ತರ. ಲೆಕ್ಕ ಒಂದೇ ಆದರೂ ಸಂಖ್ಯೆ ಎಂದರೇನು ಎಂಬ ವಿಷಯದಲ್ಲಿ ಒಂದೊಂದು ಭಾಷೆಗೂ ತನ್ನದೇ ಅಭಿಪ್ರಾಯವಿದೆ. ಹವ್ಯಾಸಕ್ಕಾಗಿ ಕಲಿಯುವವರು ಆಯಬೇಕಾದದ್ದು ಈ ಅಭಿಪ್ರಾಯಭೇದವನ್ನೇ ಎಂಬುದು ನನ್ನ ನಿಲುವು. ಯಾವ ಭಾಷೆಗೆ ಹೆಚ್ಚು ಸಂಬಳ, ಯಾವುದು ಜನಪ್ರಿಯತೆಯ ಪಟ್ಟಿಯಲ್ಲಿ ಮೇಲಿದೆ ಎಂಬ ಪ್ರಶ್ನೆಗಳು ಉದ್ಯೋಗ ಹುಡುಕುವವರಿಗೆ ಸರಿ. ನಿಮಗೆ ಅವುಗಳ ಹಂಗಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತ ಬೆಳೆದವರು ನಾವು. ‘ನಾನು ಮನೆಗೆ ಹೋಗುತ್ತೇನೆ’ ಎಂಬುದು ‘ನೇನು ಇಂಟಿಕಿ ಪೋತಾನು’ ಆಗುವಾಗ ಪದಗಳು ಬದಲಾಗುತ್ತವೆಯೇ ಹೊರತು ಅವು ನಿಂತ ಸಾಲು ಬದಲಾಗುವುದಿಲ್ಲ. ಹಾಗಾಗಿ ತೆಲುಗನ್ನು ಯಾರೂ ಕೂತು ಕಲಿಸದಿದ್ದರೂ ನಮಗೆ ಬಂತು. ಇಂಗ್ಲಿಷಿಗೆ ಹೋದಾಗ ಕ್ರಿಯಾಪದ ನಡುವೆ ಬಂದು ಕೂತಿತು, ವಿಭಕ್ತಿಗಳು ಕಳಚಿ ಪದದ ಮುಂದೆ ನಿಂತವು; ಅಲ್ಲಿ ನಾವು ಒದ್ದಾಡಿದೆವು, ಆದರೆ ನಮ್ಮ ಭಾಷೆಗೊಂದು ವ್ಯಾಕರಣವಿದೆಯೆಂದು ಗಮನಿಸಿದ್ದೂ ಆಗಲೇ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿಯೂ ಹೀಗೆ ಹತ್ತಿರದ ನೆಂಟರೂ ದೂರದವರೂ ಇದ್ದಾರೆ.

ಸಿ ಮತ್ತು ಪೈಥಾನ್ ಬಲ್ಲ ನಿಮಗೆ ಗೋ ಹತ್ತಿರದ ನೆಂಟ. ಅದನ್ನು 2007ರಲ್ಲಿ ಗೂಗಲ್‌ನಲ್ಲಿ ರೂಪಿಸಲು ತೊಡಗಿದ ಮೂವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, ಸಿ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿದವರು. ಭಾಷೆ ತನ್ನ ಬಳಕೆಗೆಂದೇ ಕಾದಿರಿಸಿದ ಮೀಸಲು ಪದಗಳು 25 ಮಾತ್ರ. 2012ರ ಮೊದಲ ಪೂರ್ಣ ಆವೃತ್ತಿಯೊಂದಿಗೆ, ಇಂದು ಬರೆದ ಪ್ರೋಗ್ರಾಂ ಮುಂದಿನ ಆವೃತ್ತಿಗಳಲ್ಲಿಯೂ ಓಡಬೇಕೆಂಬ ವಚನವನ್ನು ಅದರ ಕರ್ತೃಗಳು ಕೊಟ್ಟರು. ಆರು ತಿಂಗಳು ಬಿಟ್ಟು ಮತ್ತೆ ಕೈಗೆತ್ತಿಕೊಳ್ಳುವ ಹವ್ಯಾಸಿಗೆ ಇದು ಸಣ್ಣ ಅನುಕೂಲವಲ್ಲ. ನಿಮ್ಮ ಲೆಕ್ಕದ ಪ್ರೋಗ್ರಾಮನ್ನು ಒಂದೇ ಕಡತವಾಗಿ ಘಟಕದ ಬೇರೆ ಕಂಪ್ಯೂಟರಿಗೆ ಒಯ್ಯಬೇಕೆಂದಿದ್ದರೆ ಗೋ ಆಯಿರಿ ಎನ್ನುತ್ತಿದ್ದೆ. ಆದರೆ ನೀವು ಕೇಳಿರುವುದು ಆಸಕ್ತಿಗಾಗಿ. ಎರಡು ಮೂರು ವಾರದಲ್ಲಿ ಅದು ನಿಮಗೆ ಸಾಕಷ್ಟು ಬಂದುಬಿಡುತ್ತದೆ, ಯೋಚಿಸುವ ರೀತಿ ಮಾತ್ರ ಹೆಚ್ಚು ಬದಲಾಗದೆ ಉಳಿಯುತ್ತದೆ.

ರಸ್ಟ್ ಬೇರೆ ಬಗೆಯದು. 2006ರಲ್ಲಿ ಗ್ರೇಡನ್ ಹೋರ್ ಎಂಬುವರು ಅದನ್ನು ತಮ್ಮ ಸ್ವಂತ ಬಿಡುವಿನ ಕೆಲಸವಾಗಿ ಆರಂಭಿಸಿದರು. ಮುಂದೆ ಮೊಜಿಲ್ಲಾದ ಆಶ್ರಯದಲ್ಲಿ ಬೆಳೆದು 2015ರ ಮೇ ತಿಂಗಳಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಪ್ರತಿಯೊಂದು ಮೌಲ್ಯಕ್ಕೂ ಒಬ್ಬನೇ ಒಡೆಯ ಎಂಬುದು ಅದರ ಮೂಲ ನಿಯಮ. ನಿಮ್ಮ ಘಟಕದ ಖಾತೆ ಪುಸ್ತಕವನ್ನು ನೆನೆಯಿರಿ: ಬರೆಯುವವರು ಯಾರೂ ಇಲ್ಲದಿರುವಾಗ ಎಷ್ಟು ಮಂದಿ ಬೇಕಾದರೂ ಅದನ್ನು ನೋಡಬಹುದು, ಒಬ್ಬರು ಬರೆಯಲು ತೆಗೆದುಕೊಂಡರೆ ಮುಗಿಯುವವರೆಗೆ ಇನ್ನೊಬ್ಬರು ನೋಡುವಂತೆಯೂ ಇಲ್ಲ, ಬರೆಯುವಂತೆಯೂ ಇಲ್ಲ. ಈ ಶಿಸ್ತನ್ನು ರಸ್ಟ್‌ನ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ, ಪ್ರೋಗ್ರಾಂ ಓಡುವ ಮೊದಲೇ ಪರೀಕ್ಷಿಸುತ್ತದೆ. ಸಿ ಭಾಷೆಯಲ್ಲಿ ಮೆಮೊರಿಯನ್ನು ನಿಭಾಯಿಸಿ ಕೈ ಸುಟ್ಟುಕೊಂಡ ಅನುಭವ ಇದ್ದವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಆದರೆ ಮೊದಲ ತಿಂಗಳುಗಳಲ್ಲಿ ಕಂಪೈಲರ್ ಒಪ್ಪದ ಪ್ರೋಗ್ರಾಮನ್ನು ಒಪ್ಪಿಸುವುದರಲ್ಲಿಯೇ ಒಂದು ಗಂಟೆ ಕಳೆದುಹೋಗುವ ರಾತ್ರಿಗಳು ಬರುತ್ತವೆ. ದೊಡ್ಡ ಪ್ರೋಗ್ರಾಂಗಳ ಕಂಪೈಲ್ ನಿಮ್ಮ 4 ಜಿಬಿ ಯಂತ್ರಕ್ಕೂ ಭಾರ. ಇದನ್ನು ಎರಡನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಿ.

ಹ್ಯಾಸ್ಕೆಲ್ 1990ರಲ್ಲಿ ವಿದ್ವಾಂಸರ ಸಮಿತಿಯೊಂದರ ಕೆಲಸವಾಗಿ ಹೊರಬಂದ ಭಾಷೆ. ಬೇಕಾಗುವವರೆಗೆ ಏನನ್ನೂ ಲೆಕ್ಕ ಹಾಕದಿರುವ ಅದರ ಕ್ರಮ ಬಹಳ ಸುಂದರ, ಆದರೆ ಪರದೆಯ ಮೇಲೆ ಒಂದು ಸಾಲು ಮುದ್ರಿಸುವುದರ ಹಿಂದಿನ ತತ್ತ್ವವೂ ಬೇಗ ಎದುರಾಗುವುದರಿಂದ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರಿಗೆ ಅದನ್ನು ನಾನು ಮೊದಲಿಗೆ ಹೇಳುವುದಿಲ್ಲ.

ನನ್ನ ಸಲಹೆ ರ‍್ಯಾಕೆಟ್. 1958ರಲ್ಲಿ ಜಾನ್ ಮೆಕಾರ್ಥಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಕಲ್ಪಿಸಿದ ಲಿಸ್ಪ್, ಅದರಿಂದ 1975ರಲ್ಲಿ ಹೊರಟ ಸ್ಕೀಮ್ ಎಂಬ ಕವಲು, ಆ ಕವಲಿನ ಕುಡಿ ಇದು. 2010ರಲ್ಲಿ ಈಗಿನ ಹೆಸರು ಬಂತು. ಡಾಕ್ಟರ್‌ರ‍್ಯಾಕೆಟ್ ಎಂಬ ಅದರ ಬರೆಯುವ ಸಾಧನ ಸಾಧಾರಣ ಯಂತ್ರದಲ್ಲಿಯೂ ನಡೆಯುತ್ತದೆ. ಪೂರ್ಣ ಪ್ಯಾಕೇಜನ್ನು ಒಮ್ಮೆ ಇಳಿಸಿಕೊಂಡರೆ ಕೈಪಿಡಿಗಳೆಲ್ಲ ಜೊತೆಯಲ್ಲಿಯೇ ಬರುತ್ತವೆ, ಮೊಬೈಲಿನ ಡೇಟಾ ಮುಗಿದ ರಾತ್ರಿಯೂ ಕಲಿಕೆ ನಿಲ್ಲುವುದಿಲ್ಲ. ಕಲಿಯುವವರಿಗೆಂದೇ ಕಿರಿದುಗೊಳಿಸಿದ ಭಾಷೆಗಳು ಅದರೊಳಗಿವೆ. ಅವುಗಳಲ್ಲಿ ಆರಂಭದ ಹಂತದ ಭಾಷೆಯನ್ನು ಆರಿಸಿದರೆ, ಒಂದು ಲೆಕ್ಕ ಹೆಜ್ಜೆ ಹೆಜ್ಜೆಗೂ ಹೇಗೆ ಕರಗಿ ಉತ್ತರವಾಗುತ್ತದೆಂದು ತೋರಿಸುವ ಗುಂಡಿಯೊಂದು ಸಿಗುತ್ತದೆ. ಗುರುಗಳಿಲ್ಲದ ಕಡೆ ಇದಕ್ಕಿಂತ ಒಳ್ಳೆಯ ಸಹಾಯವನ್ನು ನಾನು ಕಂಡಿಲ್ಲ.

ಮೊದಲ ನೋಟಕ್ಕೆ ಆವರಣ ಚಿಹ್ನೆಗಳೇ ಕಣ್ಣಿಗೆ ಹೊಡೆಯುತ್ತವೆ. ಎರಡು ಮೂರನ್ನು ಕೂಡಲು (+ 2 3) ಎಂದು ಬರೆಯಬೇಕು. ಒಂದು ವಾರದಲ್ಲಿ ಕಣ್ಣು ಇದಕ್ಕೆ ಒಗ್ಗುತ್ತದೆ, ಅದರ ಚಿಂತೆ ಬೇಡ. ನಿಜವಾದ ಹೊಸತನ ಬೇರೆ ಕಡೆ ಇದೆ. ಮೂರು ಲಾಟುಗಳ ತೂಕ 42, 38, 51 ಕಿಲೋ ಎನ್ನಿ. ಪೈಥಾನ್‌ನಲ್ಲಿ ನೀವು ಒಟ್ಟು ಎಂಬ ಡಬ್ಬಿಯಲ್ಲಿ ಮೊದಲು ಸೊನ್ನೆ ಇಟ್ಟು, ಒಂದೊಂದೇ ತೂಕವನ್ನು ಅದಕ್ಕೆ ಸೇರಿಸುತ್ತ ಹೋಗುತ್ತೀರಿ. ರ‍್ಯಾಕೆಟ್‌ನಲ್ಲಿ ಆ ಡಬ್ಬಿಯೇ ಇಲ್ಲದೆ ಯೋಚಿಸಬೇಕು: ಪಟ್ಟಿ ಖಾಲಿಯಿದ್ದರೆ ಮೊತ್ತ ಸೊನ್ನೆ; ಇಲ್ಲದಿದ್ದರೆ ಮೊದಲ ತೂಕಕ್ಕೆ ಉಳಿದ ಪಟ್ಟಿಯ ಮೊತ್ತವನ್ನು ಕೂಡಿದರೆ ಬರುವುದೇ ಮೊತ್ತ. ಇಷ್ಟೇ ವಾಕ್ಯ. ಹೆಜ್ಜೆ ತೋರಿಸುವ ಗುಂಡಿಯನ್ನು ಒತ್ತುತ್ತ ಹೋದರೆ ಅದು (+ 42 (+ 38 (+ 51 0))) ಎಂದು ಬಿಚ್ಚಿಕೊಂಡು, ಒಳಗಿನಿಂದ ಮಡಚಿಕೊಳ್ಳುತ್ತ 131 ಆಗುವುದು ಕಾಣುತ್ತದೆ. ಸಂಕಲನದ ವಿಧಾನವನ್ನು ಹೇಳುವ ಬದಲು ಮೊತ್ತ ಎಂದರೇನೆಂದು ಹೇಳಿದೆವು, ವಿಧಾನ ತಾನಾಗಿ ಬಂತು. ಈ ವ್ಯತ್ಯಾಸ ಮನಸ್ಸಿಗೆ ಇಳಿಯಲು ಎರಡು ಮೂರು ವಾರ ಬೇಕಾಗುತ್ತದೆ. ಇದನ್ನು ಕಲಿಯುವಾಗ ನಾನು ಮೊದಲು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಹೇಳುತ್ತಿದ್ದೇನೆ: ಮೌಲ್ಯ ಬದಲಾಯಿಸುವ ಆಜ್ಞೆ ರ‍್ಯಾಕೆಟ್‌ನಲ್ಲಿಯೂ ಇದೆಯೆಂದು ತಿಳಿದು, ಸ್ಕೀಮ್ ಕುಟುಂಬದ ಬಟ್ಟೆ ತೊಡಿಸಿದ ಸಿ ಪ್ರೋಗ್ರಾಂಗಳನ್ನೇ ವಾರಗಟ್ಟಲೆ ಬರೆದೆ. ಏನೂ ಹೊಸದು ಸಿಗಲಿಲ್ಲ. ಮೊದಲ ಆರು ವಾರ ಆ ಆಜ್ಞೆಯನ್ನು ಮುಟ್ಟದಿರುವ ನಿಯಮ ಹಾಕಿಕೊಂಡ ಮೇಲೆಯೇ ಭಾಷೆ ನನ್ನೊಡನೆ ಮಾತಾಡತೊಡಗಿತು.

ಗೂಡಿನ ಲೆಕ್ಕ ಕೈಗೆ ಹತ್ತಿದ ಮೇಲೆ ಎರಡನೆಯ ಅಭ್ಯಾಸಕ್ಕೆ ನಮ್ಮ ಲಿಪಿಗಿಂತ ಒಳ್ಳೆಯ ವಸ್ತು ಇಲ್ಲ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ಮೂರು ಎನ್ನುತ್ತದೆ. ಪೈಥಾನ್ ಐದು ಎನ್ನುತ್ತದೆ, ರ‍್ಯಾಕೆಟ್ ಕೂಡ ಐದು. ಗೋ ಮತ್ತು ರಸ್ಟ್‌ನ ಉದ್ದ ಅಳೆಯುವ ಸಾಮಾನ್ಯ ಕ್ರಮ ಹದಿನೈದು ಎನ್ನುತ್ತದೆ. ಯಾವುದೂ ಸುಳ್ಳಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಒಂದೊಂದು ಗುರುತಿಗೂ ಸಂಖ್ಯೆ ಕೊಟ್ಟಿರುವ ಪಟ್ಟಿ. ಯೂನಿಕೋಡ್‌ನಲ್ಲಿ ಈ ಪದ ಕ, ನ, ಹಲಂತದ ಗುರುತು, ನ, ಡ ಎಂಬ ಐದು ಸಂಕೇತಗಳಾಗಿ ಕೂತಿದೆ, ಅವನ್ನು ಕಂಪ್ಯೂಟರಿನೊಳಗೆ ಬೈಟ್ ಎಂಬ ತುಣುಕುಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. ಮಗು ಹೇಳುವ ಉತ್ತರವನ್ನು ಯಂತ್ರದಿಂದ ಹೇಳಿಸುವುದು ನಿಮ್ಮ ಕೆಲಸ. ಸ್ವರ ಅಥವಾ ವ್ಯಂಜನ ಬಂದಾಗ ಎಣಿಸಿ, ಆದರೆ ಅದರ ಹಿಂದಿನ ಸಂಕೇತ ಹಲಂತದ ಗುರುತಾಗಿದ್ದರೆ ಎಣಿಸಬೇಡಿ ಎಂಬುದು ನಿಯಮ. ‘ಶಿಡ್ಲಘಟ್ಟ’ದಲ್ಲಿ ಸಂಕೇತ ಒಂಬತ್ತು, ಈ ನಿಯಮದಿಂದ ಸರಿಯಾಗಿ ನಾಲ್ಕು ಬರುತ್ತದೆ. ಹಿಂದಿನ ಸಂಕೇತವನ್ನು ನೆನಪಿಟ್ಟುಕೊಳ್ಳಲು ಪೈಥಾನ್‌ನಲ್ಲಿ ಒಂದು ಡಬ್ಬಿ ಸಾಕು. ಡಬ್ಬಿಯಿಲ್ಲದ ರ‍್ಯಾಕೆಟ್‌ನಲ್ಲಿ, ಉಳಿದ ಪಟ್ಟಿಯ ಜೊತೆಗೆ ಹಿಂದಿನ ಸಂಕೇತವನ್ನೂ ಹೆಸರಿಟ್ಟ ಪ್ರೋಗ್ರಾಂ ತುಣುಕಾದ ಫಂಕ್ಷನ್‌ನ ಕೈಗೆ ದಾಟಿಸುತ್ತ ಹೋಗಬೇಕಾಗುತ್ತದೆ. ಆ ದಾಟಿಸುವಿಕೆ ಸಹಜವಾಗಿ ಹೊಳೆದ ದಿನ ನೀವು ಹೊಸ ಭಾಷೆಯಲ್ಲಿ ಯೋಚಿಸಿದಿರೆಂದು ತಿಳಿಯಿರಿ.

ಇಲ್ಲಿ ಎರಡು ಹಳ್ಳಗಳಿವೆ. ರ‍್ಯಾಕೆಟ್‌ನಲ್ಲಿ ‘ಇದು ಅಕ್ಷರವೇ’ ಎಂದು ಕೇಳುವ ಫಂಕ್ಷನ್ ಸ್ವರಚಿಹ್ನೆಗಳಿಗೂ ಹೌದೆನ್ನುತ್ತದೆ, ಆದ್ದರಿಂದ ಸಂಕೇತದ ಯೂನಿಕೋಡ್ ವರ್ಗವನ್ನು ತಿಳಿಸುವ ಫಂಕ್ಷನ್ನನ್ನೇ ಬಳಸಬೇಕು. ಇನ್ನೊಂದು, ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹಾಕುತ್ತೇವೆ. ಅದಿದ್ದರೆ ನಿಮ್ಮ ಪ್ರೋಗ್ರಾಂ ನಾಲ್ಕು ಎನ್ನುತ್ತದೆ, ಅದಿಲ್ಲದೆ ‘ಸಾಫ್ಟ್ವೇರ್’ ಎಂದು ಬರೆದರೆ ಮೂರು ಎನ್ನುತ್ತದೆ. ಯಾವುದು ಸರಿ ಎಂಬ ತೀರ್ಮಾನ ಭಾಷೆಯನ್ನು ಬಲ್ಲ ನಿಮ್ಮದೇ. ಈ ಮೆಟ್ಟಿಲು ಹತ್ತಿದ ಮೇಲೆ ಲಘು ಗುರುಗಳನ್ನು ಗುರುತಿಸುವ ಪ್ರೋಗ್ರಾಂ ದೂರವಿಲ್ಲ: ದೀರ್ಘ ಸ್ವರವಿದ್ದರೆ, ಅನುಸ್ವಾರ ಅಥವಾ ವಿಸರ್ಗವಿದ್ದರೆ, ಮುಂದೆ ಒತ್ತಕ್ಷರ ಅಥವಾ ಸ್ವರವಿಲ್ಲದ ವ್ಯಂಜನ ಬಂದರೆ ಗುರು, ಉಳಿದದ್ದು ಲಘು. ಭಾಮಿನಿ ಷಟ್ಪದಿಯ ಪದ್ಯವೊಂದನ್ನು ಕೊಟ್ಟು, 1, 2, 4, 5ನೆಯ ಸಾಲುಗಳಲ್ಲಿ ತಲಾ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ ತಲಾ 23, ಒಟ್ಟು 102 ಬರುತ್ತದೆಯೇ ಎಂದು ಪರೀಕ್ಷಿಸಿ. ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯಕ್ಷರ ಲಘುವಾಗಿದ್ದರೂ ಗುರುವೆಂದೇ ಎಣಿಸುವುದನ್ನು ಮರೆಯಬೇಡಿ. ಈ ಒಂದು ಪ್ರೋಗ್ರಾಂ ಮೂರು ತಿಂಗಳಿಗೆ ಸಾಕಾಗುವಷ್ಟು ಕಲಿಸುತ್ತದೆ.

ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದೇ ಎಂಬ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಇಡಬಹುದು. ಪೈಥಾನ್ 3, ರ‍್ಯಾಕೆಟ್, 2021ರಿಂದೀಚೆಗೆ ರಸ್ಟ್ ಕೂಡ ‘ತೂಕ’, ‘ದರ’ ಎಂಬ ಹೆಸರುಗಳನ್ನು ಒಪ್ಪುತ್ತವೆ. ಗೋ ಮಾತ್ರ ‘ದರ’ವನ್ನು ಒಪ್ಪಿ ‘ತೂಕ’ವನ್ನು ತಳ್ಳುತ್ತದೆ, ಏಕೆಂದರೆ ಅದರ ನಿಯಮದಲ್ಲಿ ಹೆಸರಿನೊಳಗೆ ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಜಾಗ, ಯೂನಿಕೋಡ್ ನಮ್ಮ ಸ್ವರಚಿಹ್ನೆಗಳನ್ನು ಆ ವರ್ಗದಲ್ಲಿ ಇಟ್ಟಿಲ್ಲ. ಕಾಗುಣಿತವಿಲ್ಲದೆ ಕನ್ನಡವಿಲ್ಲವಾದ್ದರಿಂದ, ಒಂದು ಒಳ್ಳೆಯ ಭಾಷೆಯಲ್ಲಿ ಉಳಿದಿರುವ ಈ ಕೊರತೆ ನನ್ನನ್ನು ನೋಯಿಸುತ್ತದೆ. ಭಾಷೆಯ ವಿನ್ಯಾಸ ಇಂಗ್ಲಿಷಿನವರದಷ್ಟೇ ಸ್ವತ್ತಲ್ಲ ಎಂಬುದಕ್ಕೆ 1993ರಲ್ಲಿ ಬ್ರೆಜಿಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಲುವಾ, 1995ರಲ್ಲಿ ಜಪಾನಿನ ಯುಕಿಹಿರೊ ಮಾತ್ಸುಮೊಟೊ ಹೊರತಂದ ರೂಬಿ ಸಾಕ್ಷಿಯಾಗಿವೆ.

ಇನ್ನು ರಾತ್ರಿಯ ಆ ಒಂದು ಗಂಟೆ. ಮೊದಲ ಹತ್ತು ನಿಮಿಷ, ಹಿಂದಿನ ರಾತ್ರಿ ಬರೆದ ಫಂಕ್ಷನ್ ಒಂದನ್ನು ನೋಡದೆ ಮತ್ತೆ ಬರೆಯಿರಿ; ಬಾರದಿದ್ದರೆ ಹೊಸದಕ್ಕೆ ಹೋಗದೆ ಅದನ್ನೇ ಸರಿಪಡಿಸಿಕೊಳ್ಳಿ. ಬಳಿಕ ಒಂದೇ ಒಂದು ಹೊಸ ವಿಚಾರ. ಓಡಿಸುವ ಗುಂಡಿಯನ್ನು ಒತ್ತುವ ಮೊದಲು ಉತ್ತರ ಏನು ಬರುತ್ತದೆಂದು ಕಾಗದದ ಮೇಲೆ ಬರೆದಿಡಿ. ನಿಮ್ಮ ಊಹೆಗೂ ಯಂತ್ರದ ಉತ್ತರಕ್ಕೂ ವ್ಯತ್ಯಾಸ ಬಂದ ಜಾಗದಲ್ಲಿಯೇ ಕಲಿಯಬೇಕಾದದ್ದು ಇರುತ್ತದೆ. ಸರಿಯಾಗಿ ಓಡುವ ಪ್ರೋಗ್ರಾಮನ್ನು ಬೇಕೆಂದೇ ಒಂದು ಕಡೆ ಕೆಡಿಸಿ, ಅದಕ್ಕೆ ಯಾವ ತಪ್ಪಿನ ಸಂದೇಶ ಬರುತ್ತದೆಂದು ಗುರುತು ಹಾಕಿಕೊಳ್ಳಿ. ಮುಂದೆ ಅದೇ ಸಂದೇಶ ತಾನಾಗಿ ಬಂದಾಗ ಗಾಬರಿಯಾಗುವುದಿಲ್ಲ. ವಿಡಿಯೋ ಪಾಠಗಳನ್ನು ಒಂದರ ಮೇಲೊಂದು ನೋಡುವುದರಿಂದ ಅರ್ಥವಾದಂತೆ ತೋರುತ್ತದೆ, ಕೈ ಮಾತ್ರ ಕಲಿತಿರುವುದಿಲ್ಲ. ಕೊನೆಯ ಕೆಲವು ನಿಮಿಷ, ಅಂದು ತಿಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ನಾಲ್ಕು ವಾಕ್ಯವಾಗಿ ಬರೆಯಿರಿ. ಇಂಗ್ಲಿಷ್ ಕೈಪಿಡಿಯ ಮಾತನ್ನು ಕಂಠಪಾಠ ಮಾಡಿ ಒಪ್ಪಿಸಿಬಿಡಬಹುದು. ಅದೇ ವಿಚಾರವನ್ನು ಮನೆಮಾತಿನಲ್ಲಿ ಹೇಳಬೇಕಾದರೆ ಅರ್ಥವಾಗಿರಲೇಬೇಕು. ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದೂ ಇದನ್ನೇ, ಹಾಗೆ ಬರೆದವರು ಮುಂದೆ ತಮ್ಮ ಪಾಡಿಗೆ ಕಲಿತುಕೊಂಡರು. ಕರೆಂಟು ಹೋದ ರಾತ್ರಿ ಆ ನೋಟ್‌ಬುಕ್ಕನ್ನೇ ತೆಗೆದು, ಪಟ್ಟಿಯ ಮೊತ್ತವನ್ನು ಪೆನ್ಸಿಲಿನಲ್ಲಿ ಬಿಚ್ಚಿ ಮಡಚಿ ನೋಡಿ.

ಮಗಳ ಪ್ರಶ್ನೆ ನ್ಯಾಯವಾದದ್ದು. ಲಾಟುಗಳ ಲೆಕ್ಕ ಮಾಡುವ ಪ್ರೋಗ್ರಾಮನ್ನು ಎಐ ಕ್ಷಣದಲ್ಲಿ ಬರೆದುಕೊಡುತ್ತದೆ, ನಿಮಗೆ ಬೇಕಾದದ್ದು ಪ್ರೋಗ್ರಾಂ ಮಾತ್ರವಾಗಿದ್ದರೆ ಅಲ್ಲಿಗೆ ಮುಗಿಯಿತು. ಆದರೆ ನಿಮಗೆ ಬೇಕಾಗಿರುವುದು ಬರೆಯುವಾಗಿನ ಸುಖ ಮತ್ತು ತಿಳಿವಳಿಕೆ. ಅವನ್ನು ಬೇರೆಯವರಿಂದ ಮಾಡಿಸಿಕೊಳ್ಳಲು ಬರುವುದಿಲ್ಲ. ಹಾಗೆಂದು ಅದನ್ನು ದೂರವಿಡಬೇಕಾಗಿಯೂ ಇಲ್ಲ. ಹೇಳಿಕೊಡುವವರಿಲ್ಲದ ನಿಮಗೆ ಅದು ಒಳ್ಳೆಯ ಜೊತೆಗಾರ. ಇಪ್ಪತ್ತು ನಿಮಿಷ ನೀವೇ ಒದ್ದಾಡಿದ ಮೇಲೆ, ನೀವು ಬರೆದದ್ದನ್ನೂ ಬಂದ ತಪ್ಪಿನ ಸಂದೇಶವನ್ನೂ ಕೊಟ್ಟು, ‘ಸರಿಪಡಿಸಬೇಡ, ತಪ್ಪು ಏಕೆ ಬಂತೆಂದು ಮಾತ್ರ ಹೇಳು’ ಎಂದು ಕೇಳಿ. ಅದು ಹೇಳಿದ್ದನ್ನು ಡಾಕ್ಟರ್‌ರ‍್ಯಾಕೆಟ್‌ನಲ್ಲಿ ಓಡಿಸಿ ನೋಡದೆ ನಂಬಬೇಡಿ. ಇಲ್ಲದ ಫಂಕ್ಷನ್‌ಗಳ ಹೆಸರನ್ನೂ ಅದು ಧೈರ್ಯವಾಗಿ ಹೇಳುವುದುಂಟು.

ಆರು ವಾರ ಕಳೆಯುವವರೆಗೆ ಬೇರೆ ಭಾಷೆಯ ಕಡೆ ನೋಡಬೇಡಿ, ಆಮೇಲೆ ರ‍್ಯಾಕೆಟ್ ನಿಮಗೆ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಡಿ. ಹವ್ಯಾಸದಲ್ಲಿ ಬಿಡುವ ಸ್ವಾತಂತ್ರ್ಯವೂ ಸೇರಿದೆ. ಹಿಡಿಸಿದರೆ, ಅಕ್ಷರ ಎಣಿಸುವ ಪ್ರೋಗ್ರಾಂ ಮುಗಿದ ಮೇಲೆ ಅದನ್ನೇ ರಸ್ಟ್‌ನಲ್ಲಿ ಮತ್ತೆ ಬರೆಯಿರಿ. ಹದಿನೈದು ಬೈಟ್‌ಗಳ ಒಡೆಯ ಯಾರು, ಅದನ್ನು ಎರವಲು ಪಡೆದು ಓದುತ್ತಿರುವವರು ಯಾರು ಎಂದು ಕಂಪೈಲರ್ ಕೇಳತೊಡಗಿದಾಗ, ಪದವನ್ನು ಬಿಡಿಸುವ ಬಗೆ ನಿಮಗೆ ಮೊದಲೇ ಗೊತ್ತಿರುವುದರಿಂದ ಆ ಒಂದು ಪ್ರಶ್ನೆಗೆ ಮಾತ್ರ ನೀವು ಉತ್ತರ ಹುಡುಕಿದರೆ ಸಾಕಾಗುತ್ತದೆ.